ಅಘನಾಶಿನಿ ಅಳಿವೆಯಲ್ಲಿ ಎರಡು ರಾತ್ರಿ: ಮೂರು ಬಗೆಯ ಕಯಾಕ್‌ಗಳ ಹೋಲಿಕೆ

ಕುಮಟಾ ಹತ್ತಿರದ ದೀವಗಿ ಸೇತುವೆಯ ಬುಡದಿಂದ ಅಳಿವೆ ಬಾಯಿಯ ತದಡಿಯವರೆಗೆ ಇಳಿದು, ಎರಡು ರಾತ್ರಿ ದಂಡೆಯಲ್ಲಿ ತಂಗಿ, ಮತ್ತೆ ದೀವಗಿಗೇ ಬರುವ ಸಂಚಾರ ಇದು. ಒಂದೇ ಸಾಮಾನು ಹೇರಿ ಮೂರು ಬಗೆಯ ಕಯಾಕ್‌ಗಳನ್ನು ಓಡಿಸಿ ನೋಡಿದೆವು: ಗಾಳಿ ತುಂಬುವುದು, ಮೇಲೆ ಕೂರುವ ಗಟ್ಟಿ ಪ್ಲಾಸ್ಟಿಕ್ಕಿನದು (ಸಿಟ್-ಆನ್-ಟಾಪ್), ಕಾಲು ಒಳಗಿಟ್ಟು ಕೂರುವ ಉದ್ದನೆಯದು (ಸಿಟ್-ಇನ್‌ಸೈಡ್).

ವೇಗ ನೋಡಿದರೆ ಉದ್ದನೆಯದ್ದೇ ಮುಂದೆ, ಅದರಲ್ಲಿ ಮಾತಿಲ್ಲ. ಆದರೆ ಈ ಅಳಿವೆಯಲ್ಲಿ ದಿನ ಕೆಡುವುದು ಹುಟ್ಟು ಹಾಕುವಾಗ ಅಲ್ಲ, ಇಳಿಯುವಾಗ. ನೀರು ಇಳಿದ ಮೇಲೆ ದಂಡೆಗೂ ದೋಣಿಗೂ ನಡುವೆ ಮೊಣಕಾಲುದ್ದ ಕೆಸರು. ಕೆಸರಿಲ್ಲದ ಕಡೆ ಗಜನಿ (ಉಬ್ಬರದ ಉಪ್ಪು ನೀರು ಬರುವ ತಗ್ಗು ಗದ್ದೆ) ಕಟ್ಟೆಯ ಚಿರೆಕಲ್ಲು, ಅದರ ಮೇಲೆ ಬ್ಲೇಡಿನಂಥ ಸಿಂಪಿ ಚಿಪ್ಪು. ಗಾಳಿ ತುಂಬುವ ಕಯಾಕ್ ಸೋಲುವುದು ಇಲ್ಲೇ. ಕಲ್ಲಿನ ಮೇಲೆ ಒಂದು ಸಲ ಎಳೆದರೆ ತಳ ಸೀಳುತ್ತದೆ. ತೇಪೆ ಹಾಕುವುದು ಸುಲಭ: ಉಪ್ಪು ತೊಳೆದು ಒಣಗಿಸಿ, ಉಜ್ಜುಕಾಗದದಿಂದ ಒರಟು ಮಾಡಿ, ತಳಕ್ಕೂ ತೇಪೆಗೂ ತೆಳ್ಳಗೆ ಅಂಟು ಬಳಿದು, ಐದು ನಿಮಿಷ ಬಿಟ್ಟು ಒತ್ತಬೇಕು. ಆದರೆ ಅಂಟು ಪೂರ್ತಿ ಹಿಡಿಯಲು 12ರಿಂದ 24 ಗಂಟೆ ಬೇಕು, ಅಂದರೆ ಒಂದು ದಿನ ಹೋಯಿತು. ಗಟ್ಟಿ ಪ್ಲಾಸ್ಟಿಕ್ಕಿಗೆ ಅದೇ ಕಲ್ಲಿನಿಂದ ಆಗುವುದು ಬರೀ ಗೀರು.

ಕೆಸರಲ್ಲಿ ಒಳಗೆ ಕೂರುವುದೂ ಸುಖವಲ್ಲ. ಕಾಲು ಹೊರತೆಗೆದು ನಿಲ್ಲಲು ಗಟ್ಟಿ ನೆಲ ಬೇಕು, ಇಲ್ಲದಿದ್ದರೆ ದೋಣಿ ವಾಲಿ ಒಳಗೆಲ್ಲ ರಾಡಿ. ಹಿಂಬದಿಯ ಸ್ಕೆಗ್ (ದೋಣಿ ನೇರ ಸಾಗಲು ತಳದಿಂದ ನೀರಿಗಿಳಿಸುವ ರೆಕ್ಕೆ) ಪೆಟ್ಟಿಗೆಯಲ್ಲಿ ಮರಳು ಕೂತರೆ ಅದು ಇಳಿಯುವುದೇ ಇಲ್ಲ. ಹೊರಡುವ ಮೊದಲೇ ಅದಕ್ಕೊಂದು ಸಣ್ಣ ದಾರ ಕಟ್ಟಿಡಿ, ಸಿಕ್ಕಿಕೊಂಡಾಗ ಜೊತೆಗಾರರು ಎಳೆದು ಬಿಡಿಸಬಹುದು. ಮೇಲೆ ಕೂರುವುದರಲ್ಲಿ ಎರಡೂ ಕಾಲು ಬದಿಗೆ ಇಳಿಬಿಟ್ಟು ಆಳ ನೋಡಿ ಇಳಿಯಬಹುದು. ಅದಕ್ಕೂ ಒಂದು ಕಾಟ ಇದೆ: ನೀರು ಬಸಿಯುವ ತೂತುಗಳಿಗೆ ಕೆಸರು ಮೆತ್ತಿ ಒಣಗಿದರೆ ನೀರು ಆಸನದಲ್ಲೇ ನಿಲ್ಲುತ್ತದೆ. ಒಂದು ಕಡ್ಡಿ ಸಾಕು, ಆದರೆ ದಿನಾ ಚುಚ್ಚಬೇಕು.

ಯಾರೂ ಮೊದಲು ಲೆಕ್ಕ ಹಾಕದ ವಿಷಯ ಕುಡಿಯುವ ನೀರು. ಸುತ್ತಲೂ ಉಪ್ಪು ನೀರು, ಗಜನಿ ಪಕ್ಕದ ಬಾವಿಗಳನ್ನೂ ನಂಬುವಂತಿಲ್ಲ. ಅಡುಗೆಯೂ ಸೇರಿ ಒಬ್ಬರಿಗೆ ದಿನಕ್ಕೆ 5 ಲೀಟರ್ ಹಿಡಿಯಿರಿ. ಮೂರು ದಿನಕ್ಕೆ 15 ಲೀಟರ್, ಅಂದರೆ 15 ಕಿಲೋ. ಮೇಲೆ ಕೂರುವುದರಲ್ಲಿ 20 ಲೀಟರಿನ ಕ್ಯಾನನ್ನು ಆಸನದ ಹಿಂದೆ ಮಲಗಿಸಿ ಬಿಗಿದರೆ ಆಯಿತು. ನಿಲ್ಲಿಸಬೇಡಿ, ಭಾರ ಮೇಲೇರಿದಷ್ಟೂ ದೋಣಿ ಮಗುಚುತ್ತದೆ. ಉದ್ದನೆಯದರ ಮುಚ್ಚಳದ ಬಾಯಿ ಕಿರಿದು. ಅಲ್ಲಿಗೆ 2 ಲೀಟರಿನ ಬಾಟಲಿಗಳೇ ಗತಿ. ಭಾರವಾದದ್ದು ಆಸನದ ಹತ್ತಿರ, ಹಗುರವಾದದ್ದು ತುದಿಗಳಿಗೆ. ಡೇರೆ ಮತ್ತು ಹಾಸಿಗೆ ತುದಿಯಲ್ಲಿ, ಅಕ್ಕಿ-ಬೇಳೆ ನಡುವಿಗೆ.

ಹೊತ್ತು ಒಯ್ಯುವ ಮಾತು ಬಂದರೆ ಮಾತ್ರ ಗಾಳಿ ತುಂಬುವುದು ಗೆಲ್ಲುತ್ತದೆ. ಮಡಚಿದರೆ ಒಂದೇ ಚೀಲ. ಬಸ್ಸಿನ ಡಿಕ್ಕಿಯಲ್ಲಿ ಕುಮಟಾಕ್ಕೆ ಬಂದು, ರಿಕ್ಷಾ ಹಿಡಿದರೆ ದೀವಗಿ. ಉಳಿದೆರಡಕ್ಕೆ ಕಾರಿನ ತಲೆ ಅಥವಾ ಪಿಕಪ್ ಬೇಕೇ ಬೇಕು. ಒಂದು ಎಚ್ಚರಿಕೆ: ಮಧ್ಯಾಹ್ನ ಮರಳಿನ ಮೇಲೆ ಬಿಗಿಯಾಗಿ ಊದಿ ಬಿಡಬೇಡಿ, ಬಿಸಿಗೆ ಒಳಗಾಳಿ ಹಿಗ್ಗಿ ಹೊಲಿಗೆ ಬಿಡುತ್ತದೆ. ದಂಡೆಗೆ ಎಳೆದ ಕೂಡಲೇ ಒಂದಿಷ್ಟು ಗಾಳಿ ಬಿಟ್ಟು, ಮರುದಿನ ನೀರಿಗಿಳಿಸಿದ ಮೇಲೆ ಮತ್ತೆ ತುಂಬಿ.

ಗಾಳಿಗೆ ಅದು ಎಲೆಯಂತೆ ಸರಿಯುವುದೂ ನಿಜ. ಹನ್ನೊಂದು-ಹನ್ನೆರಡರ ನಂತರ ಪಡುಗಾಳಿ ಎದ್ದರೆ ತದಡಿ ಕಡೆಗೆ ಮುಂದೆ ಹೋಗುವುದೇ ಕಷ್ಟ. ಇದಕ್ಕೆ ಮದ್ದು ದೋಣಿಯಲ್ಲಿಲ್ಲ, ಪಂಚಾಂಗದಲ್ಲಿದೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಬೇಸಿಗೆಯತ್ತ ಈ ನೀರು ನಡೆಯುವುದು ಉಬ್ಬರ-ಇಳಿತದ ಲೆಕ್ಕಕ್ಕೇ. (ಕಾಳಿ ನದಿಯಲ್ಲಾದರೆ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಈ ಲೆಕ್ಕ ಕೆಡುತ್ತದೆ.) ಹುಣ್ಣಿಮೆ-ಅಮಾವಾಸ್ಯೆಯ ಹೊತ್ತಿಗೆ ಉಬ್ಬರ ತುಂಬುವುದು ನಡುಹಗಲಿನ ಆಸುಪಾಸಿಗೆ, ಆಮೇಲೆ ಇಳಿಯುವ ನೀರಿಗೆ ಪಡುಗಾಳಿ ಎದುರಾಗಿ ಅಳಿವೆ ಬಾಯಿಯಲ್ಲಿ ಗಿಡ್ಡ, ಕಡಿದಾದ ಅಲೆ ಏಳುತ್ತದೆ. ಅಷ್ಟಮಿಯ ಆಚೀಚೆ ಉಬ್ಬರ ನಸುಕಿಗೂ ಸಂಜೆಗೂ ತುಂಬುತ್ತದೆ. ಬೆಳಗಿನ ಇಳಿತದ ಜೊತೆ ತದಡಿಗೆ ಇಳಿಯಿರಿ, ಮಧ್ಯಾಹ್ನದ ಉಬ್ಬರ ಮತ್ತು ಗಾಳಿ ಎರಡೂ ಹಿಂದಿನಿಂದ ತಳ್ಳುವಾಗ ಮರಳಿ. ಅಷ್ಟಮಿಗೆ ನೀರಿನ ಏರಿಳಿತವೂ ಕಡಿಮೆ, ಕೆಸರು ತೆರೆದುಕೊಳ್ಳುವುದೂ ಕಡಿಮೆ. ಬಸ್ಸಿನಲ್ಲಿ ಬರುವವರು ಈ ದಿನಗಳಲ್ಲೇ ಹೊರಟರೆ ಗಾಳಿ ತುಂಬುವ ಕಯಾಕೂ ಸಾಕಾಗುತ್ತದೆ. ತಾರೀಖಿನ ಉಬ್ಬರದ ಪಟ್ಟಿಯನ್ನು ಹೇಗೂ ನೋಡಿಕೊಳ್ಳಿ.

ಗಜನಿಯ ಜಂತ್ರಡಿ (ನೀರು ಬಿಡುವ, ತಡೆಯುವ ತೂಬು) ಬಾಗಿಲಿನ ಹತ್ತಿರ ಮಾತ್ರ ಯಾವ ದೋಣಿಯಲ್ಲೂ ಸುಳಿಯಬೇಡಿ, ನೀರಿನ ಸೆಳೆತ ಬಲು ಜೋರು. ಗೂಟದ ಬಲೆಗಳನ್ನು ಸುತ್ತಿ ಹೋಗಿ; ಅದು ಯಾರದೋ ಅಂದಿನ ಅನ್ನ.

ತಂಗುವುದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಲ್ಲ. ಅಳಿವೆ 2024ರಿಂದ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ), ಅದೂ ಅಲ್ಲದೆ ಆ ನೆಲಕ್ಕೆ ನೀರು ಬಂದೇ ಬರುತ್ತದೆ. ಊರಿನಲ್ಲಿ ಕೇಳಿಕೊಂಡು ತೆಂಗಿನ ತೋಟದಲ್ಲಿ ಡೇರೆ ಹಾಕಿ, ಕಾಯಿ ಇರುವ ಮರದ ಕೆಳಗೆ ಬೇಡ. ದಿನದ ಎರಡು ಉಬ್ಬರ ಒಂದೇ ಎತ್ತರಕ್ಕೆ ಬರುವುದಿಲ್ಲ. ಮಧ್ಯಾಹ್ನದ ನೀರಿನ ಗೆರೆ ನೋಡಿ ದೋಣಿ ಬಿಟ್ಟರೆ ರಾತ್ರಿಯ ನೀರು ಒಯ್ಯಬಹುದು. ಗಾಳಿ ತುಂಬಿದ್ದನ್ನು ಇಬ್ಬರು ಎತ್ತಿ ಡೇರೆಯ ಪಕ್ಕಕ್ಕೇ ತಂದಿಡಬಹುದು. ಉಳಿದೆರಡಕ್ಕೆ 10 ಮೀಟರ್ ಹಗ್ಗ ಇಟ್ಟುಕೊಳ್ಳಿ, ಮೂತಿಯನ್ನು ತೆಂಗಿನ ಬುಡಕ್ಕೆ ಕಟ್ಟಿ, ಹುಟ್ಟುಗಳನ್ನು ಡೇರೆಯೊಳಗೆ ಇಟ್ಟುಕೊಂಡು ಮಲಗಿ.