ಕೂಸಿನ ಡಬ್ಬಿ ಹಾಲಿಗೆ ಬಿಸಿನೀರು: ಡಿಗ್ರಿ ಕೆಟಲ್ ಬೇಕಾ, ಫ್ಲಾಸ್ಕ್ ಸಾಕಾ?

ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ದಿನಾ ರಾತ್ರಿ ಬಳಸುತ್ತಿರುವ ಎರಡು ಸಾಮಾನುಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು, ಡಿಗ್ರಿ ಸೆಟ್ ಮಾಡುವ ಎಲೆಕ್ಟ್ರಿಕ್ ಕೆಟಲ್. ಆನ್‌ಲೈನ್‌ನಲ್ಲಿ ತರಿಸಿದ್ದು, 2,199 ರೂಪಾಯಿ. ಇನ್ನೊಂದು, ಒಂದು ಲೀಟರಿನ ಸ್ಟೀಲ್ ಫ್ಲಾಸ್ಕ್. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಒಂದು ಪಾತ್ರೆ ಅಂಗಡಿಯಲ್ಲಿ 850 ರೂಪಾಯಿ ಕೊಟ್ಟು ತಂದೆ. ಎರಡೂ ಒಂದೇ ಕೆಲಸಕ್ಕೆ, ಕೂಸು ಎದ್ದಾಗ ಡಬ್ಬಿ ಹಾಲು ಕಲಸೋಕೆ. ಒಂದನ್ನೇ ತಗೋಬೇಕು ಅಂತಿದ್ದರೆ ಫ್ಲಾಸ್ಕ್ ತಗೊಳ್ಳಿ. ಕೆಟಲ್ ಕುದಿಸೋದರಲ್ಲಿ ಏನೂ ತಪ್ಪಿಲ್ಲ, ಆದರೆ ಅದರಲ್ಲಿ ಒಂದು ಬಟನ್ ಇದೆ, ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಯಾವ ಕಂಪನಿಯ ಹಾಲಿನ ಪುಡಿ ಅಂತ ಮಾತ್ರ ಕೇಳಬೇಡಿ. ಅದನ್ನು ಹೇಳಬೇಕಾದವರು ಮಕ್ಕಳ ಡಾಕ್ಟರ್. ಎದೆಹಾಲು ಕೊಡೋಕೆ ಆಗುತ್ತಿದ್ದರೆ ಈ ಯಾವ ಸಾಮಾನೂ ಬೇಕಾಗಿಲ್ಲ. ನಮ್ಮ ದೇಶದಲ್ಲಿ 1992ರ ಕಾನೂನಿನ ಪ್ರಕಾರ ಇಂಥ ಪುಡಿಗೂ ಹಾಲಿನ ಬಾಟ್ಲಿಗೂ ಜಾಹೀರಾತು ಕೊಡುವ ಹಾಗೇ ಇಲ್ಲ, ತಾಯಿಯ ಹಾಲೇ ಶ್ರೇಷ್ಠ ಅಂತ ಡಬ್ಬಿಯ ಮೇಲೇ ಅಚ್ಚು ಹಾಕಬೇಕು. ನಮ್ಮ ಮನೆಯಲ್ಲಿ ಹೆರಿಗೆ ಆದಮೇಲೆ ಹೆಂಡತಿಗೆ ಕೊಡಲೇಬೇಕಾದ ಒಂದು ಔಷಧಿ ಹಾಲಿನ ಮೂಲಕ ಕೂಸಿಗೆ ಹೋಗುತ್ತದೆ ಅಂತ ಡಾಕ್ಟರೇ ಫಾರ್ಮುಲಾ, ಅಂದರೆ ಈ ಡಬ್ಬಿ ಹಾಲು, ಬರೆದುಕೊಟ್ಟರು. ಅವಳು ಎರಡು ದಿನ ಅತ್ತಳು. ಬೇರೆ ದಾರಿ ಇಲ್ಲದೆ ಡಬ್ಬಿ ಹಾಲಿಗೆ ಬಂದವರು ಎಷ್ಟೋ ಜನ ಇದ್ದಾರೆ, ಅಂಥವರಿಗೆ ಇದು ಉಪಯೋಗ ಆಗಲಿ ಅಂತಲೇ ಬರೆಯುತ್ತಿದ್ದೇನೆ.

ಮೊದಲು ಕೆಟಲ್. ನೋಡೋಕೆ ಚೆನ್ನಾಗಿದೆ. ಒಳಗೆ ಪೂರ್ತಿ ಸ್ಟೀಲ್, ಲೀಟರ್ ನೀರು ನಾಲ್ಕೈದು ನಿಮಿಷದಲ್ಲಿ ಕುದಿಯುತ್ತದೆ, ಕುದಿದಮೇಲೆ ತಾನೇ ಬಂದ್ ಆಗುತ್ತದೆ. ಹಿಡಿಕೆಯ ಮೇಲೆ 40, 60, 70, 80, 100 ಅಂತ ಬಟನ್‌ಗಳು, ಜೊತೆಗೆ ಬಿಸಿ ಹಾಗೇ ಇಟ್ಟುಕೊಳ್ಳುವ ಒಂದು ಬಟನ್. 40ರ ಪಕ್ಕದಲ್ಲಿ ಒಂದು ಪುಟ್ಟ ಹಾಲಿನ ಬಾಟ್ಲಿಯ ಚಿತ್ರ. ಅದನ್ನು ನೋಡಿದರೆ ಯಾರಿಗೇ ಆದರೂ ಏನನಿಸುತ್ತದೆ ಹೇಳಿ? ಕೂಸಿನ ಹಾಲಿಗೆ 40 ಡಿಗ್ರಿ ಸರಿ ಅಂತಲೇ ಅಲ್ವಾ? ನಾವೂ ಹಾಗೇ ಮಾಡಿದೆವು. ಫಿಲ್ಟರ್ ನೀರು ತುಂಬಿ, 40 ಒತ್ತಿ, ರಾತ್ರಿಯೆಲ್ಲಾ ಬೆಚ್ಚಗೆ ಇಟ್ಟುಕೊಂಡು, ಕೂಸು ಅತ್ತ ತಕ್ಷಣ ನೀರು ಹಾಕಿ, ಪುಡಿ ಹಾಕಿ, ಅಲ್ಲಾಡಿಸಿ ಕೊಟ್ಟುಬಿಡುತ್ತಿದ್ದೆವು. ಐದು ರಾತ್ರಿ ಹೀಗೇ ನಡೆಯಿತು.

ಆರನೇ ದಿನ ತೂಕ ನೋಡಿಸೋಕೆ ಹೋದಾಗ ಡಾಕ್ಟರ್ ಮೇಡಂ ಸಹಜವಾಗಿ ಕೇಳಿದರು, ಹಾಲು ಹೇಗೆ ಕಲಸುತ್ತೀರಿ ಅಂತ. ನಾನು ಹೇಳಿದ್ದನ್ನು ಕೇಳಿ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಹತ್ತು ನಿಮಿಷ ಕೂರಿಸಿಕೊಂಡು ಬಿಡಿಸಿ ಹೇಳಿದರು.

ವಿಷಯ ಇಷ್ಟು. ಡಬ್ಬಿಗೆ ಎಷ್ಟೇ ಗಟ್ಟಿ ಸೀಲ್ ಇರಲಿ, ಪುಡಿ ಅನ್ನೋದು ಪೂರ್ತಿ ಕ್ರಿಮಿ ಇಲ್ಲದ ವಸ್ತು ಅಲ್ಲ. ಕ್ರೋನೋಬ್ಯಾಕ್ಟರ್, ಸಾಲ್ಮೊನೆಲ್ಲಾ ಅಂತ ಬ್ಯಾಕ್ಟೀರಿಯಾಗಳು ಅಪರೂಪಕ್ಕೆ ಅದರಲ್ಲಿ ಇರಬಹುದು. ಒಣ ಪುಡಿಯಲ್ಲಿ ಅವು ಸುಮ್ನೆ ಬಿದ್ದಿರುತ್ತವೆ, ಬೆಚ್ಚಗಿನ ನೀರು ಸಿಕ್ಕಿದರೆ ಬೆಳೆಯೋಕೆ ಶುರು. ದೊಡ್ಡವರಿಗೆ ಏನೂ ಆಗಲಿಕ್ಕಿಲ್ಲ, ಆದರೆ ಎರಡು ತಿಂಗಳೊಳಗಿನ ಕೂಸುಗಳಿಗೆ, ಅದರಲ್ಲೂ ದಿನ ತುಂಬುವ ಮೊದಲು ಹುಟ್ಟಿದವಕ್ಕೆ, ತೂಕ ಕಡಿಮೆ ಇರುವವಕ್ಕೆ, ರಕ್ತಕ್ಕೋ ಮೆದುಳಿನ ಪೊರೆಗೋ ಸೋಂಕು ಆದರೆ ಜೀವಕ್ಕೇ ಅಪಾಯ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ: ನೀರು ಕುದಿಸಬೇಕು, ಪುಡಿ ಹಾಕುವಾಗ ಆ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು. ಅಷ್ಟು ಬಿಸಿ ಬೇಕಾಗಿರೋದು ನೀರನ್ನು ಶುದ್ಧ ಮಾಡೋಕಲ್ಲ, ಪುಡಿಯಲ್ಲಿರುವುದನ್ನು ಸಾಯಿಸೋಕೆ. ನನಗೆ ಅಲ್ಲಿಯವರೆಗೆ ಗೊತ್ತಿಲ್ಲದಿದ್ದದ್ದು ಇದೇ. ನೀರು ಚೆನ್ನಾಗಿದ್ದರೆ ಸಾಕು ಅಂದುಕೊಂಡಿದ್ದೆ.

ಅಂದರೆ ಆ 40ರ ಬಟನ್ ಹಾಲು ಕಲಸೋಕೆ ಇರಲೇಬಾರದು. ಆ ಚಿತ್ರ ಹಾಕಿದ್ದು ತಪ್ಪು. ಕಂಪನಿಗೆ ಬರೆದೆ, ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಎರಡು ಸಾಲು ಬಂತು, ಅಷ್ಟೇ.

ಸರಿ, 70ರ ಬಟನ್ ಇದೆಯಲ್ಲ ಅಂತೀರಾ. ಅದರಲ್ಲೂ ಎರಡು ತೊಂದರೆ ಇವೆ. ನಲ್ಲಿ ನೀರೋ ಫಿಲ್ಟರ್ ನೀರೋ ಹಾಕಿ ನೇರ 70 ಒತ್ತಿದರೆ ಅದು 70ಕ್ಕೆ ಹೋಗಿ ನಿಂತುಬಿಡುತ್ತದೆ, ಕುದಿಯೋದೇ ಇಲ್ಲ. ನಮ್ಮ ಓಣಿಗೆ ಮಲಪ್ರಭಾ ನೀರು ಬರೋದು ನಾಲ್ಕೈದು ದಿನಕ್ಕೊಮ್ಮೆ, ಟಾಕಿಯಲ್ಲಿ ತುಂಬಿಟ್ಟುಕೊಂಡ ನೀರನ್ನು ಕುದಿಸದೆ ಕೂಸಿಗೆ ಕೊಡೋಕಾಗುತ್ತಾ? ಫಿಲ್ಟರ್ ನೀರೇ ಇರಲಿ, ಅಂಗಡಿಯ ಬಾಟ್ಲಿ ನೀರೇ ಇರಲಿ, ಒಮ್ಮೆ 100ಕ್ಕೆ ಹೋಗಿ ಕುದಿಯಲೇಬೇಕು. ಎರಡನೇದು, ಕೆಟಲ್ ತೋರಿಸುವ ಸಂಖ್ಯೆಯನ್ನು ನಂಬಿ ಕೂರೋಕಾಗಲ್ಲ. 300 ರೂಪಾಯಿಯ ಅಡುಗೆ ಥರ್ಮಾಮೀಟರ್ ತಂದು ಕಡ್ಡಿ ಅದ್ದಿ ನೋಡಿದೆ. ಕೆಟಲ್ 70 ಅನ್ನುತ್ತಿತ್ತು, ಕಡ್ಡಿ 64 ಅಂತು. ಮೂರು ಸಲ ನೋಡಿದೆ, 64, 65, 64. ಎಲ್ಲಾ ಕೆಟಲ್‌ಗಳೂ ಹೀಗೇ ಅಂತ ನಾನು ಹೇಳಲ್ಲ, ನಮ್ಮದು ಹೀಗಿದೆ. ಇನ್ನು ಕರೆಂಟ್ ಹೋಗಿ ಬಂದರೆ ಸೆಟ್ ಮಾಡಿದ್ದೆಲ್ಲಾ ಅಳಿಸಿಹೋಗುತ್ತದೆ. ಮಳೆಗಾಲದಲ್ಲಿ ರಾತ್ರಿ ಒಂದೆರಡು ಸಲವಾದರೂ ಹೋಗುತ್ತದಲ್ಲ, ಎದ್ದು ನೋಡಿದರೆ ನೀರು ತಣ್ಣಗೆ, ಕೂಸು ಅಳುತ್ತಿದೆ, ಕತ್ತಲಲ್ಲಿ ಗ್ಯಾಸ್ ಹಚ್ಚಿ ಮತ್ತೆ ಮೊದಲಿಂದ. ಬೋರ್‌ವೆಲ್ ನೀರು ಕುದಿಸಿದ್ದಕ್ಕೆ ಎರಡೇ ವಾರದಲ್ಲಿ ತಳದಲ್ಲಿ ಬಿಳಿ ಪದರ ಕಟ್ಟಿತು. ನಿಂಬೆಹಣ್ಣಿನ ರಸ ಹಾಕಿ ಕುದಿಸಿದರೆ ಹೋಗುತ್ತದೆ, ಅದೇನು ದೊಡ್ಡ ದೂರಲ್ಲ.

ಈಗ ಫ್ಲಾಸ್ಕ್. ಇದನ್ನು ಕೊಟ್ಟ ಅಂಗಡಿಯವರ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಒತ್ತಿದರೆ ನೀರು ಬರುವ ಪಂಪಿನ ಫ್ಲಾಸ್ಕ್ ಕೇಳಿದೆ. ಯಾತಕ್ಕೆ ಅಂತ ಕೇಳಿದರು. ಕೂಸಿನ ಹಾಲಿಗೆ ಅಂದೆ. "ಅದು ಬ್ಯಾಡ್ರೀ, ಆ ಕೊಳವಿ ಒಳಗ ತೊಳಿಯಾಕ ಬರೂದಿಲ್ಲ" ಅಂತ ಹೇಳಿ, ಅದಕ್ಕಿಂತ ಕಡಿಮೆ ಬೆಲೆಯ, ತಿರುಗಿಸುವ ಮುಚ್ಚಳದ ಫ್ಲಾಸ್ಕ್ ತೆಗೆದರು. ಪಕ್ಕದ ಚಹಾದಂಗಡಿಯಿಂದ ಕುದಿಯುವ ನೀರು ತರಿಸಿ ತುಂಬಿ, ಹತ್ತು ನಿಮಿಷ ಬಿಟ್ಟು, ತಳ ಮುಟ್ಟಿ ನೋಡ್ರೀ ಅಂದರು. ಮೊದಲನೇದರ ತಳ ಸ್ವಲ್ಪ ಬೆಚ್ಚಗಿತ್ತು. ಅದನ್ನು ತಾವೇ ಬದಿಗಿಟ್ಟು ಇನ್ನೊಂದು ತೆಗೆದು ಮತ್ತೆ ನೀರು ತರಿಸಿದರು. ಅದರ ಮೈ ತಣ್ಣಗೇ ಇತ್ತು. ಬಿಸಿ ಹೊರಗೆ ಬರುತ್ತಿಲ್ಲ ಅಂದರೆ ಒಳಗೇ ಉಳಿದಿದೆ ಅಂತ. ಆನ್‌ಲೈನ್‌ನಲ್ಲಿ ಈ ಪರೀಕ್ಷೆ ಯಾರು ಮಾಡಿಕೊಡುತ್ತಾರೆ?

ಬಳಸೋದು ಹೀಗೆ. ರಾತ್ರಿ ಹತ್ತೂವರೆಗೆ ಕೆಟಲ್‌ನಲ್ಲಿ ನೀರು 100ಕ್ಕೆ ಕುದಿಸುತ್ತೇನೆ. ಸ್ವಲ್ಪ ಕುದಿನೀರು ಹಾಕಿ ಫ್ಲಾಸ್ಕ್ ಬೆಚ್ಚಗೆ ಮಾಡಿ ಚೆಲ್ಲಿ, ಆಮೇಲೆ ಕಂಠದವರೆಗೆ ತುಂಬಿ ಮುಚ್ಚುತ್ತೇನೆ. ಕಂಠದವರೆಗೆ ಅನ್ನೋದು ಮುಖ್ಯ. ರಾತ್ರಿ ಎರಡಕ್ಕೆ ಕಡ್ಡಿ ಅದ್ದಿದರೆ 82 ಇತ್ತು, ಐದಕ್ಕೆ 74. ಅರ್ಧ ಮಾತ್ರ ತುಂಬಿಟ್ಟ ದಿನ ಮೂರು ಗಂಟೆಗೇ 68ಕ್ಕೆ ಇಳಿದಿತ್ತು, ಅದನ್ನು ಚೆಲ್ಲಿ ಹೊಸದಾಗಿ ಕುದಿಸಿದೆ. ನಿಮ್ಮ ಫ್ಲಾಸ್ಕ್ ಎಷ್ಟು ಹೊತ್ತು ತಡೆಯುತ್ತದೆ ಅಂತ ಒಂದು ರಾತ್ರಿ ನೀವೇ ಅಳೆದು ನೋಡಿ, ನನ್ನ ಲೆಕ್ಕ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ. ಈ ಫ್ಲಾಸ್ಕ್‌ಗೆ ಚಹಾ, ಕಷಾಯ ಏನೂ ಹಾಕಬೇಡಿ, ಕೂಸಿನ ನೀರಿಗೆ ಮಾತ್ರ ಇರಲಿ.

ನಮ್ಮ ಕೂಸಿಗೆ ಗಡಿಯಾರದ ಲೆಕ್ಕ ಇಲ್ಲ. ಒಮ್ಮೆ ಎರಡು ತಾಸಿಗೆ ಏಳುತ್ತಾಳೆ, ಒಮ್ಮೆ ಮೂರೂವರೆ ತಾಸು ಮಲಗುತ್ತಾಳೆ. ಹಸಿದಾಗ ಕೊಡಿ, ಗಂಟೆ ನೋಡಬೇಡಿ ಅಂತ ಡಾಕ್ಟರೂ ಹೇಳಿದ್ದಾರೆ. ಅಳು ಅನ್ನೋದು ಕೊನೆಯ ಸೂಚನೆ. ಅದಕ್ಕೆ ಮೊದಲೇ ಮುಷ್ಟಿ ಬಾಯಿಗೆ ಒಯ್ಯುತ್ತಾಳೆ, ತುಟಿ ಚೀಪುತ್ತಾಳೆ, ಕೆನ್ನೆಗೆ ಏನೇ ತಾಗಿದರೂ ಆ ಕಡೆ ಬಾಯಿ ತೆರೆದು ಹುಡುಕುತ್ತಾಳೆ. ನಾನು ಏಳೋದು ಆಗಲೇ. ಕೈ ತೊಳೆದು, ಕುದಿಸಿಟ್ಟ ಬಾಟ್ಲಿಗೆ ಮೊದಲು ನೀರು, 60 ಎಂಎಲ್ ಗೆರೆಗೆ ಕಣ್ಣು ಹೊಂದಿಸಿ ನೋಡಿ, ಆಮೇಲೆ ಪುಡಿ. ನಮ್ಮ ಡಬ್ಬಿಯ ಲೆಕ್ಕ 30 ಎಂಎಲ್‌ಗೆ ಒಂದು ಚಮಚ, ನಿಮ್ಮದು ಡಬ್ಬಿ ನೋಡಿ. ಚಮಚದ ಮೇಲಿನ ಗುಡ್ಡೆಯನ್ನು ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಬೇಕು, ಒತ್ತಿ ತುಂಬಬಾರದು. ಗಟ್ಟಿ ಇದ್ದರೆ ಹೊಟ್ಟೆ ತುಂಬುತ್ತದೆ ಅಂತ ಒಂದು ಚಮಚ ಜಾಸ್ತಿ ಹಾಕೋದು, ಡಬ್ಬಿ ಉಳಿಯಲಿ ಅಂತ ಕಡಿಮೆ ಹಾಕೋದು, ಎರಡೂ ಕೂಸಿಗೆ ಕೆಟ್ಟದ್ದು.

ಮೊದಲ ದಿನ ಇದನ್ನು ನೋಡಿ ನಮ್ಮ ಅತ್ತೆ ಗಾಬರಿಯಾದರು. ಬಾಣಂತನ ಮಾಡೋಕೆ ಗದಗಿನಿಂದ ಬಂದಿದ್ದಾರೆ. "ಅಳಿಯಾರ, ಇಷ್ಟ ಕುದಿನೀರಾಗ ಕಲಸಿದ್ರ ಕೂಸಿನ ಬಾಯಿ ಸುಡೂದಿಲ್ಲೇನ್ರೀ?" ಅಂದರು. ಸುಡುತ್ತದೆ, ಅದಕ್ಕೇ ಆರಿಸಬೇಕು. ಮುಚ್ಚಳ ಹಾಕಿದ ಬಾಟ್ಲಿಯನ್ನು ಒಂದು ಬೋಗುಣಿಯಲ್ಲಿ ಹರವಿಯ ತಣ್ಣೀರು ಹಾಕಿ ನಿಲ್ಲಿಸುತ್ತೇನೆ, ನೀರು ಮುಚ್ಚಳಕ್ಕೆ ತಾಗದ ಹಾಗೆ. ನಾಲ್ಕೈದು ನಿಮಿಷ ಸಾಕು. ಬಾಟ್ಲಿಯ ಹೊರಗೆ ಒರೆಸಿ, ಮೆಲ್ಲಗೆ ತಿರುಗಿಸಿ, ಮಣಿಕಟ್ಟಿನ ಒಳಭಾಗಕ್ಕೆ ಎರಡು ಹನಿ ಬಿಟ್ಟುಕೊಂಡು ನೋಡುತ್ತೇನೆ. ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಈಗ ಅತ್ತೆಯೇ ನನಗಿಂತ ಮೊದಲು ಬೋಗುಣಿ ತುಂಬಿ ಇಟ್ಟಿರುತ್ತಾರೆ.

ಅವರಿಗೆ ಇನ್ನೂ ಒಪ್ಪಲು ಕಷ್ಟವಾಗಿರುವುದು ಉಳಿದ ಹಾಲು ಚೆಲ್ಲೋದು. ಡಬ್ಬಿಯ ಬೆಲೆ ನೋಡಿದರೆ ಯಾರಿಗೂ ಕಷ್ಟವೇ. ಆದರೆ ಕೂಸು ಬಾಯಿ ಹಚ್ಚಿದ ಹಾಲನ್ನು ಮುಂದಿನ ಸಲಕ್ಕೆ ಇಡಲೇಬಾರದು. ಕಲಸಿಟ್ಟು ಬಾಯಿ ಹಚ್ಚದಿದ್ದರೂ ಎರಡು ತಾಸಿನ ಮೇಲೆ ಹೊರಗೆ ಇಟ್ಟದ್ದು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಅಡುಗೆಮನೆ ಹೇಗಿರುತ್ತದೆ ಅಂತ ಗೊತ್ತಲ್ಲ, ಆ ಶೆಕೆಯಲ್ಲಿ ನಾನಂತೂ ಎರಡು ತಾಸೂ ಬಿಡಲ್ಲ. ಹಾಗಾಗಿ ಒಂದೇ ಸಲಕ್ಕೆ 90 ಕಲಸೋದು ಬಿಟ್ಟು ಮೊದಲು 60 ಕೊಟ್ಟು, ಇನ್ನೂ ಹುಡುಕಿದರೆ 30 ಹೊಸದಾಗಿ ಕಲಸುತ್ತೇವೆ. ನೀರು ಫ್ಲಾಸ್ಕ್‌ನಲ್ಲಿ ರೆಡಿ ಇರೋದರಿಂದ ಇದು ಭಾರ ಅನಿಸಲ್ಲ, ಚೆಲ್ಲುವುದೂ ಕಡಿಮೆಯಾಗಿದೆ.

ಅತ್ತೆ ಬರುವಾಗ ಒಂದು ಬೆಳ್ಳಿ ಒಳಲೆ ತಂದಿದ್ದರು, ನನ್ನ ಹೆಂಡತಿ ಕೂಸಾಗಿದ್ದಾಗ ಹಾಲು ಕುಡಿದದ್ದು ಅದರಲ್ಲೇ. ಹಳೇ ಕಾಲದ್ದು ಅಂತ ಡಾಕ್ಟರ್ ಬೇಡ ಅನ್ನಬಹುದು ಅಂತ ಅಂದುಕೊಂಡಿದ್ದೆ. ಅವರು ಬಾಟ್ಲಿಗಿಂತ ಅದೇ ಮೇಲು ಅಂದರು. ನಿಪ್ಪಲ್ ಇಲ್ಲ, ಸಂದಿ ಇಲ್ಲ, ತೊಳೆದು ಕುದಿಸೋಕೆ ಸುಲಭ. ಹಗಲು ಹೊತ್ತು ಅತ್ತೆ ಒಳಲೆಯಲ್ಲೇ ಕುಡಿಸುತ್ತಾರೆ, ಕೂಸಿನ ತಲೆ ಎತ್ತಿ ಹಿಡಿದು, ತುಟಿಗೆ ತಾಗಿಸಿ, ಅವಳೇ ಎಳೆದುಕೊಳ್ಳುವವರೆಗೆ ಕಾಯುತ್ತಾರೆ. ಸುರಿಯೋದಿಲ್ಲ. ನನಗೆ ಅಷ್ಟು ಕೈ ಪಳಗಿಲ್ಲ, ರಾತ್ರಿ ಬಾಟ್ಲಿಯೇ.

ಒಂದು ಮಾತು ಬಿಟ್ಟುಹೋಗಬಾರದು. ಕೆಲವು ಡಬ್ಬಿಗಳ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಅಂತಲೇ ಬರೆದಿರುತ್ತದೆ. ನಿಮ್ಮದು ಹಾಗಿದ್ದರೆ ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಡಾಕ್ಟರನ್ನು ಕೇಳಿ, ನಾವು ಹಾಗೇ ಮಾಡಿದೆವು. ನಮಗೆ 70 ಅಂತಲೇ ಹೇಳಿದರು.

ಪ್ರಯಾಣಕ್ಕೂ ಫ್ಲಾಸ್ಕೇ. ಕಳೆದ ತಿಂಗಳು ಗದಗಿಗೆ ಹೋದೆವು, 60 ಕಿಲೋಮೀಟರ್ ಹತ್ತಿರ. ಕುದಿನೀರು ತುಂಬಿದ ಫ್ಲಾಸ್ಕ್, ಅಳೆದ ಪುಡಿ ಹಾಕಿದ ಒಣ ಡಬ್ಬಿ, ಎರಡು ಕುದಿಸಿದ ಬಾಟ್ಲಿ. ಅಣ್ಣಿಗೇರಿ ದಾಟುವಾಗ ಎದ್ದಳು, ಅಲ್ಲೇ ಕಲಸಿ ಆರಿಸಿ ಕೊಟ್ಟೆವು. ಕಲಸಿದ ಹಾಲನ್ನೇ ಬೆಚ್ಚಗೆ ಮುಚ್ಚಿ ಒಯ್ಯುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಫ್ಲಾಸ್ಕ್‌ನಲ್ಲಿ ಕೊರತೆ ಇಲ್ಲ ಅಂತಲ್ಲ. ಮುಚ್ಚಳದೊಳಗಿನ ರಬ್ಬರ್ ರಿಂಗಿನ ಸಂದಿಯಲ್ಲಿ ನೀರು ನಿಲ್ಲುತ್ತದೆ, ತಿಂಗಳಾದಮೇಲೆ ಸಣ್ಣ ವಾಸನೆ ಬಂತು. ಈಗ ದಿನಾ ರಿಂಗ್ ಬಿಚ್ಚಿ ತೊಳೆದು, ಬಾಟ್ಲಿಗಳ ಜೊತೆ ಹತ್ತು ನಿಮಿಷ ಕುದಿಸುತ್ತೇನೆ. ಬಾಯಿ ಅಗಲ ಇರೋದರಿಂದ ಸಣ್ಣ ಬಾಟ್ಲಿಗೆ ಬಗ್ಗಿಸುವಾಗ ನೀರು ಚೆಲ್ಲುತ್ತದೆ, ಒಮ್ಮೆ ಕೈ ಸುಟ್ಟಿತು. ಕೂಸನ್ನು ಎತ್ತಿಕೊಂಡು ಬಗ್ಗಿಸಬೇಡಿ, ಮೊದಲು ಮಲಗಿಸಿ.

ಕೆಟಲ್ ಮನೆಯಲ್ಲಿದೆ, ಕುದಿಸೋಕೆ ಮಾತ್ರ. ಅದಕ್ಕೆ 700 ರೂಪಾಯಿಯ ಸಾದಾ ಕೆಟಲ್ಲೇ ಸಾಕಿತ್ತು, ಗ್ಯಾಸ್ ಮೇಲಿನ ಪಾತ್ರೆಯೂ ಸಾಕು. 40ರ ಬಟನ್ ಮೇಲೆ ಬಿಳಿ ಟೇಪ್ ಅಂಟಿಸಿದ್ದೇವೆ, ಯಾರೂ ನಿದ್ದೆಗಣ್ಣಲ್ಲಿ ಒತ್ತಬಾರದು ಅಂತ. ಫ್ಲಾಸ್ಕಿನ ರಿಂಗ್ ಬೇರೆ ಸಿಗುತ್ತದಾ ಅಂತ ಹೋದ ವಾರ ಅದೇ ಅಂಗಡಿಯಲ್ಲಿ ಕೇಳಿದೆ. 30 ರೂಪಾಯಿಗೆ ಒಂದು ಕೊಟ್ಟು, ಕೂಸು ಹೆಂಗೈತ್ರೀ ಅಂತ ಕೇಳಿದರು. ನಾಲ್ಕೂವರೆ ಕಿಲೋ ಆಗಿದ್ದಾಳೆ ಅಂದೆ.