ಪ್ರಾಥಮಿಕ ತರಗತಿಯ ಕ್ವಿಜ್‌ಗೆ ಪ್ಲಿಕರ್ಸ್ ಕಾರ್ಡೇ ಮೇಲು. ಕಹೂಟ್ ಆಡಿಸುವುದಾದರೆ ಮೊದಲು ಟೈಮರ್ ಬದಲಿಸಿ

ಚಿಕ್ಕ ತರಗತಿಗಳಲ್ಲಿ ಪಾಠದ ನಡುವೆ ನಾಲ್ಕೈದು ಪ್ರಶ್ನೆ ಕೇಳಲು ಪ್ಲಿಕರ್ಸ್, ಕಹೂಟ್, ವೇಗ್ರೌಂಡ್ ಎಂಬ ಮೂರು ಕ್ವಿಜ್ ಆ್ಯಪ್‌ಗಳನ್ನೂ ಬಳಸಿ ನೋಡಿದ ಮೇಲೆ ನನ್ನ ಕೈ ತಾನಾಗಿ ಹೋಗುವುದು ಪ್ಲಿಕರ್ಸ್ ಕಡೆಗೇ. ಅದಕ್ಕೆ ಮಕ್ಕಳ ಕೈಗೆ ಫೋನನ್ನಾಗಲಿ ಟ್ಯಾಬನ್ನಾಗಲಿ ಕೊಡಬೇಕಿಲ್ಲ. ಕಾಗದದ ಕಾರ್ಡುಗಳು, ಟೀಚರ್ ಹತ್ತಿರ ಇಂಟರ್ನೆಟ್ ಇರುವ ಒಂದು ಫೋನು, ಪ್ರಶ್ನೆ ತೋರಿಸಲು ಪ್ರೊಜೆಕ್ಟರ್, ಇಷ್ಟೇ ಸಾಕು. ಆಟಕ್ಕೆ ಸೇರುವ ಪಿನ್ ತಪ್ಪಾಗಿ ಒತ್ತಿದವರು, ಚಾರ್ಜ್ ಮುಗಿದವರು, ಹೆಸರಿನ ಜಾಗದಲ್ಲಿ ಏನೇನೋ ಬರೆದವರು ಎಂಬ ರಗಳೆಯೇ ಇಲ್ಲ.

ಮೊದಲು ಕಹೂಟ್ ವಿಷಯ ಹೇಳಿಬಿಡುತ್ತೇನೆ. ಇದರಲ್ಲಿ ಪ್ರಶ್ನೆ ಗೋಡೆಯ ಪರದೆಯ ಮೇಲೆ ಬರುತ್ತದೆ, ಮಕ್ಕಳು ತಮ್ಮ ಫೋನು ಅಥವಾ ಟ್ಯಾಬಿನಲ್ಲಿ ಉತ್ತರದ ಬಣ್ಣದ ಆಕಾರವನ್ನು ಒತ್ತುತ್ತಾರೆ. ಸಂಗೀತ, ಬಣ್ಣ, ಕೊನೆಗೆ ಗೆದ್ದವರನ್ನು ನಿಲ್ಲಿಸುವ ವೇದಿಕೆ, ಎಲ್ಲಕ್ಕೂ ಮಕ್ಕಳು ಕುಣಿಯುತ್ತಾರೆ. ತೊಡಕಿರುವುದು ಅಂಕದ ಲೆಕ್ಕದಲ್ಲಿ. ಸರಿಯುತ್ತರಕ್ಕೆ ಹೆಚ್ಚೆಂದರೆ 1000 ಅಂಕ. ತಡವಾದಷ್ಟೂ ಅದು ಇಳಿಯುತ್ತಾ, ಟೈಮರ್ ಮುಗಿಯುವ ಹೊತ್ತಿಗೆ 500ಕ್ಕೆ ಬರುತ್ತದೆ. ನಾವು ಮುಟ್ಟದೆ ಬಿಟ್ಟರೆ ಟೈಮರ್ 20 ಸೆಕೆಂಡ್.

ಈಗ ಇಬ್ಬರು ಮಕ್ಕಳ ಅಂಕ ಕೂಡಿ ನೋಡಿ. ಅಕ್ಷರ ಕೂಡಿಸಿಕೊಂಡು ಓದುವ ಹುಡುಗಿಗೆ ಪ್ರತಿ ಪ್ರಶ್ನೆಗೂ 16 ಸೆಕೆಂಡ್ ಬೇಕು, ಆದರೆ ಹತ್ತಕ್ಕೆ ಹತ್ತೂ ಸರಿ. ಪ್ರಶ್ನೆಗೆ 600ರಂತೆ ಅವಳಿಗೆ 6000. 2 ಸೆಕೆಂಡಿಗೇ ಒತ್ತಿಬಿಡುವ ಹುಡುಗನದು ಏಳು ಸರಿ, ಮೂರು ತಪ್ಪು. 950ರಂತೆ ಅವನಿಗೆ 6650. ಮೂರು ತಪ್ಪು ಮಾಡಿದವನು ಮೇಲೆ, ಒಂದೂ ತಪ್ಪದವಳು ಕೆಳಗೆ! ಇನ್ನೆರಡು ಸಲ ಹೀಗಾದರೆ ಅವಳೂ ಓದುವುದನ್ನು ಬಿಟ್ಟು ಕೈಗೆ ಸಿಕ್ಕಿದ್ದನ್ನು ಒತ್ತತೊಡಗುತ್ತಾಳೆ. ಆಗ ಆಟ ಮುಗಿದ ಮೇಲೆ ಸಿಗುವ ವರದಿಯಲ್ಲಿ ಅವಳಿಗೆ ಪಾಠ ಬಂದಿದೆಯೋ ಇಲ್ಲವೋ ಎನ್ನುವುದೇ ಗೊತ್ತಾಗುವುದಿಲ್ಲ.

ಇದಕ್ಕೆ ಮದ್ದು ಇದೆ. ಟೈಮರನ್ನು 60 ಸೆಕೆಂಡಿಗೆ ಏರಿಸಿ. ಅದೇ 16 ಸೆಕೆಂಡಿಗೆ ಈಗ ಸುಮಾರು 867 ಅಂಕ ಬರುತ್ತದೆ, 2 ಸೆಕೆಂಡಿಗೆ 983. ಅವಳಿಗೆ 8670, ಅವನಿಗೆ 6881. ಪೀರಿಯಡ್ ಹಾಳಾಗುತ್ತದೆಂಬ ಭಯ ಬೇಡ. ಎಲ್ಲರೂ ಉತ್ತರಿಸಿದ ಕೂಡಲೇ ಪ್ರಶ್ನೆ ಮುಗಿಯುತ್ತದೆ. ಉದ್ದದ ಪ್ರಶ್ನೆಗೆ 90 ಇಡಿ. ಪಾಠ ಎಷ್ಟು ಹತ್ತಿದೆ ಎಂದು ನೋಡುವುದಷ್ಟೇ ಉದ್ದೇಶವಾದರೆ ಆ ಪ್ರಶ್ನೆಗೆ ‘ನೋ ಪಾಯಿಂಟ್ಸ್’ ಆರಿಸಿ. ಜೊತೆಗೆ, ಪ್ರಶ್ನೆಯೂ ಆಯ್ಕೆಗಳೂ ಮಕ್ಕಳ ಸಾಧನದಲ್ಲೇ ಕಾಣುವ ಸೆಟ್ಟಿಂಗ್ ಆನ್ ಮಾಡಿ. ಇಲ್ಲವಾದರೆ ಗೋಡೆ ನೋಡಿ ಓದಿ, ತಲೆ ತಗ್ಗಿಸುವಷ್ಟರಲ್ಲಿ ತನ್ನ ಉತ್ತರ ತ್ರಿಕೋನವೋ ಚೌಕವೋ ಮರೆತಿರುತ್ತದೆ. ಸಾಧನಗಳು ಕಡಿಮೆಯಿದ್ದರೆ ಗುಂಪಿಗೊಂದು ಸಾಧನದಲ್ಲಿ ಆಡುವ ಟೀಮ್ ಮೋಡ್ ಒಳ್ಳೆಯದು, ಉತ್ತರಕ್ಕೆ ಮುಂಚೆ ಮಾತಾಡಿಕೊಳ್ಳಲು 5 ಸೆಕೆಂಡ್ ಕೊಡುತ್ತದೆ.

ಪ್ಲಿಕರ್ಸ್‌ನಲ್ಲಿ ಈ ಓಟವೇ ಇಲ್ಲ. ಸಾಮಾನ್ಯ ಸೆಟ್ಟಿನಲ್ಲಿ 40 ಕಾರ್ಡು, ಪುಟಕ್ಕೆ ಎರಡರಂತೆ 20 ಹಾಳೆ. ಪ್ರತಿ ಕಾರ್ಡಿಗೂ ಒಂದು ಸಂಖ್ಯೆ, ಆ ಸಂಖ್ಯೆಗೆ ಒಂದು ಮಗುವಿನ ಹೆಸರು. ನಡುವೆ ಕಪ್ಪು ಚಿತ್ತಾರ, ಸುತ್ತ ನಾಲ್ಕು ಬದಿಗೆ ಸಣ್ಣದಾಗಿ ಎ, ಬಿ, ಸಿ, ಡಿ. ಉತ್ತರದ ಅಕ್ಷರ ಮೇಲೆ ಬರುವಂತೆ ಹಿಡಿದರೆ ಫೋನಿನ ಕ್ಯಾಮೆರಾ ಓದಿಕೊಳ್ಳುತ್ತದೆ. ಚಿತ್ತಾರ ಒಬ್ಬೊಬ್ಬರದು ಒಂದೊಂದು ಥರ ಇರುವುದರಿಂದ ಪಕ್ಕದವರದು ನೋಡಿ ತಿರುಗಿಸಿಕೊಳ್ಳುವುದು ಕಷ್ಟ.

ಇಲ್ಲಿ ಕೆಡುವುದೆಲ್ಲ ಕೈಯಲ್ಲೇ. ತೆಳು ಕಾಗದ ಬಾಗಿದರೆ ಓದುವುದಿಲ್ಲ, ದಪ್ಪ ರಟ್ಟಿಗೆ ಅಂಟಿಸಿ. ಮಿರುಗುವ ಲ್ಯಾಮಿನೇಷನ್ ಬೇಡ; ದೀಪದ ಬೆಳಕು ಬಿದ್ದ ಕಡೆ ಕಪ್ಪು ಬೆಳ್ಳಗೆ ಕಾಣುತ್ತದೆ. ಬೆರಳು ಬಿಳಿ ಅಂಚಿನಲ್ಲೇ ಇರಲಿ. ಮಕ್ಕಳ ಬೆನ್ನ ಹಿಂದೆ ಕಿಟಕಿಯಿದ್ದರೆ ಕಾರ್ಡು ಮಂಕಾಗುತ್ತದೆ, ನೀವು ಇನ್ನೊಂದು ಬದಿಗೆ ಹೋಗಿ ನಿಲ್ಲಿ. ಎಲ್ಲಕ್ಕಿಂತ ಮುಖ್ಯ: ಸ್ಕ್ಯಾನ್ ನಿಲ್ಲಿಸಿದ ಮೇಲೆಯೇ “ಕಾರ್ಡು ಇಳಿಸಿ” ಅನ್ನಿ. ಇಳಿಸುವಾಗ ಕಾರ್ಡು ಓರೆಯಾಗಿ ತಿರುಗಿದರೆ, ಕ್ಯಾಮೆರಾ ಅದನ್ನೇ ಹೊಸ ಉತ್ತರವೆಂದು ಬರೆದುಕೊಳ್ಳುತ್ತದೆ.

ಒಂದು, ಎರಡನೇ ತರಗತಿಯಲ್ಲಿ ಇನ್ನೊಂದು ತಪ್ಪು ಆಗುತ್ತದೆ. ಮಗು ಕಾರ್ಡನ್ನು ತನ್ನ ಕಡೆ ಹಿಡಿದು ‘ಬಿ’ಯನ್ನು ಮೇಲೆ ತಂದುಕೊಳ್ಳುತ್ತದೆ, ಆಮೇಲೆ ದೋಸೆ ಮಗುಚಿದ ಹಾಗೆ ಮೇಲಿಂದ ಕೆಳಕ್ಕೆ ಮಗುಚಿ ತೋರಿಸುತ್ತದೆ. ಆಗ ‘ಬಿ’ ಕೆಳಗೆ ಹೋಗಿ ಎದುರು ಬದಿಯ ಅಕ್ಷರ ಮೇಲೆ ಬರುತ್ತದೆ. ಪುಸ್ತಕದ ಹಾಳೆ ತಿರುವಿದಂತೆ ಪಕ್ಕಕ್ಕೆ ತಿರುಗಿಸುವುದನ್ನು ಅಭ್ಯಾಸ ಮಾಡಿಸಿ. ಇಲ್ಲವೇ ಕಾರ್ಡಿನ ಹಿಂಬದಿಯಲ್ಲೂ ಆಯಾ ಅಂಚಿಗೆ ಅದೇ ಅಕ್ಷರವನ್ನು ಪೆನ್ಸಿಲಿನಲ್ಲಿ ಬರೆದುಕೊಡಿ, ತಿರುಗಿಸುವ ಕೆಲಸವೇ ತಪ್ಪುತ್ತದೆ.

ಕೊರತೆಗಳೂ ಇವೆ. ನಾಲ್ಕು ಆಯ್ಕೆ ಅಥವಾ ಸರಿ-ತಪ್ಪು ಬಿಟ್ಟು ಬೇರೆ ಬಗೆಯ ಪ್ರಶ್ನೆ ಆಗದು. ಉಚಿತ ಖಾತೆಯಲ್ಲಿ ಒಂದು ಕ್ವಿಜ್‌ಗೆ 5 ಪ್ರಶ್ನೆ ಮಾತ್ರ. ಚಿಕ್ಕ ಮಕ್ಕಳಿಗೆ ಒಂದು ಹೊತ್ತಿಗೆ ಅಷ್ಟೇ ಸಾಕು.

ವೇಗ್ರೌಂಡ್ ಎಂದರೆ 2025ರವರೆಗೆ ಕ್ವಿಜಿಜ್ ಆಗಿದ್ದದ್ದು. ತಲಾ ಒಂದು ಟ್ಯಾಬ್ ಇರುವ ತರಗತಿಗೆ ಕಹೂಟ್‌ಗಿಂತ ಇದನ್ನೇ ಹೇಳುತ್ತೇನೆ. ಪ್ರತಿ ಮಗುವೂ ತನ್ನ ಪರದೆಯಲ್ಲಿ ತನ್ನ ವೇಗಕ್ಕೆ ಮುಂದೆ ಹೋಗಬಹುದು, ಟೈಮರನ್ನು ಪೂರ್ತಿ ತೆಗೆಯಬಹುದು, ಮನೆಗೆಲಸವಾಗಿಯೂ ಕೊಡಬಹುದು. ಬ್ಲೂಕೆಟ್ ಎಂಬ ಇನ್ನೊಂದು ಕ್ವಿಜ್ ಆ್ಯಪ್ ಇದೆ; ಅದರ ಗೋಲ್ಡ್ ಕ್ವೆಸ್ಟ್ ಆಟದಲ್ಲಿ ಗಮನವೆಲ್ಲ ಇನ್ನೊಬ್ಬರ ಚಿನ್ನ ಕಸಿಯುವುದರ ಮೇಲೆ, ಪಾಠದ ನಡುವೆ ಬೇಡ.

ದಿನಾ ಐದು ನಿಮಿಷ ಕೇಳುವ ಅಭ್ಯಾಸವಿದ್ದು, ಖರ್ಚು ಮುದ್ರಣಕ್ಕಷ್ಟೇ ನಿಲ್ಲಬೇಕೆಂದಿದ್ದರೆ ಪ್ಲಿಕರ್ಸ್. ಪಾಠವೊಂದು ಮುಗಿದಾಗ ಹಬ್ಬದ ಹಾಗೆ ಆಡಿಸಲು 60 ಸೆಕೆಂಡ್ ಟೈಮರಿನ ಕಹೂಟ್. ಕಾರ್ಡುಗಳ ಪಿಡಿಎಫ್ ಫೋನಿನಲ್ಲೇ ಇಟ್ಟುಕೊಳ್ಳಿ. 17ನೇ ಕಾರ್ಡು ಕಳೆದರೆ ಅದಿರುವ ಒಂದು ಪುಟವನ್ನು ಮತ್ತೆ ಮುದ್ರಿಸಿದರಾಯಿತು, ಸಂಖ್ಯೆ ಬದಲಾಗದ ಕಾರಣ ಹೆಸರಿನ ಪಟ್ಟಿಯನ್ನು ಮುಟ್ಟಬೇಕಿಲ್ಲ.