ಕತ್ತಲ ಕಾರ್ನಿವಲ್‌ನ ಮೂರು ಪುಸ್ತಕ: ಯಾವುದು ಓದಬಹುದು, ಯಾವುದು ಬೇಡ

ಫೆಬ್ರವರಿ ಬಂತೆಂದರೆ ಗೋವಾದ ವಾಸ್ಕೋದಲ್ಲಿರೋ ನಮ್ಮ ಕನ್ನಡ ಗೆಳತಿಯರ ಗುಂಪಿಗೆ ಕಾರ್ನಿವಲ್ ಗುಂಗು ಹಿಡಿಯುತ್ತದೆ. ಓದೋ ಪುಸ್ತಕಕ್ಕೂ ಅದೇ ಬಣ್ಣ ಬೇಕು. ಈ ಸಲ ಎಲ್ಲರ ರೀಲ್ಸ್‌ನಲ್ಲೂ ಕುಣಿದದ್ದು ಒಂದು ಇಂಗ್ಲಿಷ್ ಡಾರ್ಕ್ ರೊಮ್ಯಾನ್ಸ್, ಅಂದರೆ ಭಯ, ಹಿಂಸೆ ಬೆರೆಸಿದ ಪ್ರೇಮಕಥೆ. ಕಪ್ಪು ಮುಖಪುಟ, ಜೈಂಟ್ ವೀಲ್, ಮುಖವಾಡದ ಗಂಡಸು. ಹೆಸರು ಬೇಡ ಬಿಡಿ. ಅದರ ಜೊತೆಗೆ ಎರಿನ್ ಮಾರ್ಗನ್‌ಸ್ಟರ್ನ್ ಬರೆದ ‘ದಿ ನೈಟ್ ಸರ್ಕಸ್’ (2011), ರೇ ಬ್ರ್ಯಾಡ್ಬರಿಯ ‘ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್’ (1962) ಕೂಡ ಓದಿದೆ. ಮೂರರಲ್ಲೂ ರಾತ್ರಿ, ಡೇರೆ, ಭಯ. ಹೋಲಿಸದೆ ಇರೋಕಾಗಲಿಲ್ಲ.

ಮೊದಲು ರೀಲ್ಸ್ ಪುಸ್ತಕ. ಆರಂಭದಲ್ಲೇ ಅಪಹರಣ, ಹಿಂಸೆ, ಬಲವಂತ ಎಲ್ಲ ಇದೆ ಅಂತ ಉದ್ದದ ಎಚ್ಚರಿಕೆ ಪಟ್ಟಿ. ಅದು ಒಳ್ಳೆಯದೇ, ಬೇಡದವರು ಅಲ್ಲೇ ಮುಚ್ಚಿಡಬಹುದು. ಕತ್ತಲಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಅದರೊಳಗಿನ ಕಾರ್ನಿವಲ್ ಬಗ್ಗೆ, ಅಂದರೆ ನಮ್ಮ ಜಾತ್ರೆ ಥರದ ಮೇಳದ ಬಗ್ಗೆ. ನಾನು ಶಿರಸಿ ಮಾರಿಕಾಂಬಾ ಜಾತ್ರೆ ನೋಡಿ ಬೆಳೆದವಳು. ತೊಟ್ಟಿಲಿನ ಜನರೇಟರ್ ಸದ್ದು, ಡೀಸೆಲ್ ವಾಸನೆ, ನಾಟಕ ಕಂಪನಿಯವರು ಬೆಳಿಗ್ಗೆ ಹಲ್ಲುಜ್ಜೋದು, ಇದೆಲ್ಲ ಗೊತ್ತು. ಈ ಪುಸ್ತಕದಲ್ಲಿ ಟಿಕೆಟ್ ಹರಿಯುವವನೇ ಇಲ್ಲ. ಅಡುಗೆ ಮಾಡೋರಿಲ್ಲ, ಗಿರಾಕಿಗಳೂ ಇಲ್ಲ. ಹೀರೋ ಮಾಲೀಕನಂತೆ, ಆದರೆ ಇಡೀ ದಿನ ಹುಡುಗಿಯ ಹಿಂದೆ ಅಲೆಯೋದು ಬಿಟ್ಟು ಬೇರೆ ಕೆಲಸವಿಲ್ಲ.

ಕನ್ನಡಿ ಮನೆಯ ದೃಶ್ಯವಂತೂ ಕೇಳಬೇಡಿ. ಕರೆಂಟ್ ಹೋಗುತ್ತದೆ, ಗವ್ವೆನ್ನುವ ಕತ್ತಲು. ಮುಂದಿನ ಸಾಲಿನಲ್ಲೇ ಅವಳಿಗೆ ಎಲ್ಲ ಕನ್ನಡಿಗಳಲ್ಲೂ ಅವನ ಹಸಿರು ಕಣ್ಣು ಕಾಣುತ್ತದೆ. ಬೆಳಕಿಲ್ಲದೆ ಹೇಗಮ್ಮಾ? ಹೊರಗೆ ಮೆರ್ರಿಗೋರೌಂಡ್ ಹಾಡುತ್ತಲೇ ಇರುತ್ತದೆ. ಅವನು ‘ನೀನು ನನ್ನವಳು’ ಅನ್ನುತ್ತಾನೆ, ಅವಳು ನಡುಗುತ್ತಾಳೆ, ಅಧ್ಯಾಯ ಮುಗಿಯುತ್ತದೆ. ಮುಂದಿನ ಅಧ್ಯಾಯದಲ್ಲೂ ಅಷ್ಟೇ. ಕಥೆಯನ್ನು ಎತ್ತಿ ಯಾವುದಾದರೂ ಕಾರ್ ಗ್ಯಾರೇಜಿನಲ್ಲಿಟ್ಟರೂ ಒಂದು ಸಾಲು ಬದಲಾಗಲ್ಲ.

ನೈಟ್ ಸರ್ಕಸ್‌ನಲ್ಲಿ ಹಾಗೆ ಎತ್ತಿಡೋಕಾಗಲ್ಲ. ಅಲ್ಲಿ ಪ್ರೇಮ ನಡೆಯೋದೇ ಡೇರೆಗಳ ಮೂಲಕ. ಸೀಲಿಯಾ, ಮಾರ್ಕೊ ಇಬ್ಬರನ್ನೂ ಚಿಕ್ಕಂದಿನಲ್ಲೇ ಅವರ ಗುರುಗಳು ಒಂದು ಮಾಯಾ ಸ್ಪರ್ಧೆಗೆ ಕಟ್ಟಿಹಾಕಿರುತ್ತಾರೆ. ಅವಳ ಗುರು ಅಂದರೆ ಸ್ವಂತ ಅಪ್ಪನೇ. ಒಬ್ಬರು ಒಂದು ಡೇರೆ ಕಟ್ಟಿದರೆ ಇನ್ನೊಬ್ಬರು ಮತ್ತೊಂದು ಕಟ್ಟಿ ಉತ್ತರ ಕೊಡುತ್ತಾರೆ. ಹಿಮದ ಹೂತೋಟದ ಡೇರೆ ಓದುವಾಗ ಗೋವಾದ ಸೆಕೆಯಲ್ಲೂ ಮೈ ಜುಮ್ಮೆಂದಿತು. ಸರ್ಕಸ್ಸೆಲ್ಲ ಕಪ್ಪು-ಬಿಳುಪು, ಅದರ ಅಭಿಮಾನಿಗಳು ಮಾತ್ರ ಕೆಂಪು ಶಾಲು ಸುತ್ತಿಕೊಂಡು ಬರುತ್ತಾರೆ. (ಕಾರ್ನಿವಲ್‌ನಲ್ಲಿ ಪಣಜಿಯ ಕ್ಲುಬ್ ನಾಸಿಯೊನಾಲ್ ಎಂಬ ಕ್ಲಬ್ಬಿನವರ ಕೆಂಪು-ಕಪ್ಪು ಕುಣಿತ ನೆನಪಾಯ್ತು.) ಆದರೆ ನಿಧಾನ, ತುಂಬಾ ನಿಧಾನ. ಇಸವಿಗಳು ಹಿಂದೆ ಮುಂದೆ ಜಿಗಿಯುತ್ತವೆ. ಬಿಸಿ ಪ್ರಣಯ ಬೇಕು ಅಂತ ಹೋದವರಿಗೆ ಇದು ಸಪ್ಪೆ.

ಬ್ರ್ಯಾಡ್ಬರಿಯಲ್ಲಿ ಪ್ರಣಯವೇ ಇಲ್ಲ. ಇಬ್ಬರು ಹುಡುಗರು, ಲೈಬ್ರರಿಯಲ್ಲಿ ಕೆಲಸ ಮಾಡೋ ಒಬ್ಬ ವಯಸ್ಸಾದ ಅಪ್ಪ, ಅಕ್ಟೋಬರಿನಲ್ಲಿ ನಡುರಾತ್ರಿ ರೈಲಿನಲ್ಲಿ ಬರುವ ಕಾರ್ನಿವಲ್. ಅಲ್ಲಿಯ ಮೆರ್ರಿಗೋರೌಂಡ್ ಮುಂದಕ್ಕೆ ತಿರುಗಿದರೆ ವಯಸ್ಸು ಏರುತ್ತದೆ, ಹಿಂದಕ್ಕೆ ತಿರುಗಿದರೆ ಇಳಿಯುತ್ತದೆ. ಮತ್ತೆ ಚಿಕ್ಕವಳಾಗಬೇಕು ಅಂತ ಆಸೆಪಟ್ಟ ಮಿಸ್ ಫೋಲಿ ಎಂಬ ಟೀಚರ್ ಕೊನೆಗೆ ಪುಟ್ಟ ಹುಡುಗಿಯಾಗಿ ಮರದ ಕೆಳಗೆ ಅಳುತ್ತಾ ಕೂತಿರುತ್ತಾಳೆ. ಅವಳನ್ನು ಯಾರೂ ಗುರುತಿಸಲ್ಲ, ಹೇಳಿಕೊಂಡರೆ ನಂಬೋರಿಲ್ಲ. ನಿಜವಾದ ಕತ್ತಲು ಅಂದರೆ ಇದಲ್ವಾ? ಯಾರೂ ಅವಳನ್ನು ಎಳೆದೊಯ್ಯಲಿಲ್ಲ, ಅವಳ ಆಸೆಯೇ ಸಾಕಾಯ್ತು. ಭಾಷೆ ಮಾತ್ರ ಕವಿತೆಯ ಥರ, ಸಾಲುಸಾಲಿಗೆ ಉಪಮೆ. ನನಗೆ ಕೆಲವು ಕಡೆ ಜಾಸ್ತಿಯಾಯ್ತು.

ಹಾಗಾಗಿ ನನ್ನ ಲೆಕ್ಕ ಸರಳ. ಪ್ರೇಮವೂ ಬೇಕು, ಡೇರೆಯೂ ಬೇಕು ಅಂದರೆ ನೈಟ್ ಸರ್ಕಸ್, ಆದರೆ ತಾಳ್ಮೆ ಇಟ್ಟುಕೊಳ್ಳಿ. ಹೆದರಿಕೆ ಬೇಕಿದ್ದರೆ ಬ್ರ್ಯಾಡ್ಬರಿ. ಮುಖವಾಡದ ಗಂಡಸೇ ಸಾಕು ಅನ್ನೋರಿಗೆ ರೀಲ್ಸ್ ಪುಸ್ತಕ ಇದೆ, ಅದೂ ಯಾರಾದರೂ ಸುಮ್ನೆ ಕೊಟ್ಟರೆ. ಗೋವಾ ಕಾರ್ನಿವಲ್‌ನ ರಾಜ ಕಿಂಗ್ ಮೊಮೊ ಪ್ರತಿ ವರ್ಷ ತಿನ್ನಿ, ಕುಡಿಯಿರಿ, ಮಜಾ ಮಾಡಿ ಅಂತ ಅಪ್ಪಣೆ ಕೊಡುತ್ತಾನೆ. ಇದನ್ನು ಓದಿ ಅಂತ ಎಲ್ಲೂ ಹೇಳಿಲ್ಲ.

ರೀಲ್ಸ್ ಪುಸ್ತಕದ ಎರಡನೇ ಭಾಗವೂ ಬರುತ್ತದಂತೆ. ಗೆಳತಿಯೊಬ್ಬಳು ಆಗಲೇ ಬುಕ್ ಮಾಡಿದ್ದಾಳೆ. ಕನ್ನಡಿ ಮನೆಗೆ ಕರೆಂಟ್ ಬಂತಾ ಅಂತಷ್ಟೇ ತಿಳಿಸು ಅಂದಿದ್ದೇನೆ.